ಪ್ರಾಯೋಜಕರು ಕೈಬಿಟ್ಟರೆ...

ಇಲ್ಲಿ ಏನೂ ಬರೆಯದೆ ಐದಾರು ತಿಂಗಳೇ ಆಗಿಹೋಯ್ತು. "ಏನ್ರೀ, ಬರವಣಿಗೆಗೆ ಸಂನ್ಯಾಸ ತಗೊಂಡ್ರಾ?" ಅಂತ ಒಂದಿಬ್ಬರು ಕೇಳಿಯೂ ಕೇಳಿದರು. ಕೆಲಸ ಜಾಸ್ತಿ ಇತ್ತು ಅಂತ ಸುಳ್ಳು ಹೇಳಬಹುದಿತ್ತು. ನಿಜ ಏನಂದ್ರೆ ಕೆಲಸ ದಿನದಿಂದ ದಿನಕ್ಕೆ ಕಮ್ಮಿ ಆಗ್ತಾ ಬಂದಿತ್ತು, ಅದೇ ತಲೆಬಿಸಿ. ಆಫೀಸಿನಲ್ಲಿ ಕೆಲಸ ಇಲ್ಲದೆ ಕೂರುವವನಿಗೆ ಬರೆಯಲು ಬೇಕಾದಷ್ಟು ಸಮಯ ಇರುತ್ತೆ, ಮನಸ್ಸು ಇರಲ್ಲ.

ಇರಲಿ, ವಿಷಯಕ್ಕೆ ಬರ್ತೀನಿ. 2025ರ ಆಗಸ್ಟಿನ ಒಂದು ಶನಿವಾರ. ನಾನಾಗ ಫ್ಲಾರಿಡಾದ ಟ್ಯಾಂಪಾದಲ್ಲಿ ಆನ್‌ಸೈಟ್ ಇದ್ದೆ. ಒರ್ಲಾಂಡೋದ ಡಿಸ್ನಿ ಅಲ್ಲಿಂದ ಒಂದೂವರೆ ಗಂಟೆ ದಾರಿ, ಆದರೂ ಎರಡು ವರ್ಷದಲ್ಲಿ ಒಮ್ಮೆಯೂ ಹೋಗಿರಲಿಲ್ಲ. ಟಿಕೆಟ್ ದರವನ್ನು ರೂಪಾಯಿಗೆ ಗುಣಿಸಿ ನೋಡುವ ಕೆಟ್ಟ ಚಾಳಿ ನನ್ನದು :-) ಆ ವಾರ ಮಾತ್ರ ರೂಮ್‌ಮೇಟ್ ಬಿಡಲಿಲ್ಲ. ಯಾಕಂದ್ರೆ ಗುರುವಾರದ ಮೀಟಿಂಗಿನಲ್ಲಿ ಕ್ಲೈಂಟ್ ಕಡೆಯವರು, ಮುಂದಿನ ವರ್ಷದ ಬಜೆಟ್ಟನ್ನು ಮತ್ತೊಮ್ಮೆ ನೋಡ್ತಾ ಇದ್ದೀವಿ ಅಂತ ಬಹಳ ಮೆತ್ತಗೆ ಹೇಳಿದ್ದರು. ಈ ಮಾತಿನ ಅರ್ಥ ಏನು ಅಂತ ನಮ್ಮ ಕ್ಷೇತ್ರದಲ್ಲಿರುವ ಯಾರನ್ನು ಬೇಕಾದರೂ ಕೇಳಿ. "ಹೆಂಗಿದ್ರೂ ಪೆಟ್ಟಿಗೆ ಕಟ್ಟೋದೇ ಗುರೂ, ನೋಡ್ಕೊಂಡಾದ್ರೂ ಹೋಗೋಣ" ಅಂದ ಅವನು. ಹೋದ್ವಿ.

ಎಪ್‌ಕಾಟ್ ಎನ್ನುವುದು ಅಲ್ಲಿನ ನಾಲ್ಕು ಪಾರ್ಕುಗಳಲ್ಲಿ ಒಂದು. ಅದರೊಳಗೆ ಟೆಸ್ಟ್ ಟ್ರ್ಯಾಕ್ ಅಂತ ಒಂದು ರೈಡ್ ಇದೆ. ಆರು ಜನ ಕೂರುವ ಕಾರು, ಡ್ರೈವರ್ ಇಲ್ಲ. ಒಳಗೆಲ್ಲ ಸುತ್ತಿಸಿ, ಕೊನೆಗೆ ಕಟ್ಟಡದ ಹೊರಗೆ ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಒಂದು ಸುತ್ತು ಹೊಡೆಸುತ್ತೆ. ಹೊಸ ರೂಪ ಕೊಟ್ಟು ಜುಲೈ 22ಕ್ಕಷ್ಟೇ ಮತ್ತೆ ತೆರೆದಿದ್ದರು, ಹಾಗಾಗಿ ಉದ್ದದ ಕ್ಯೂ. ನಾವು ಅರ್ಧ ದಾರಿ ಸವೆಸುವಷ್ಟರಲ್ಲಿ ಫ್ಲಾರಿಡಾದ ಮಾಮೂಲಿ ಮಧ್ಯಾಹ್ನದ ಗುಡುಗು ಶುರುವಾಯ್ತು. ಹೊರಗಿನ ಟ್ರ್ಯಾಕಿಗೆ ಸಿಡಿಲಿನ ಭಯ ನೋಡಿ, ರೈಡ್ ನಿಲ್ಲಿಸಿಬಿಟ್ಟರು. ಮಳೆ ನಿಲ್ಲೋವರೆಗೆ ಗೋಡೆ ನೋಡ್ತಾ ನಿಲ್ಲೋದು ಬಿಟ್ಟು ಬೇರೆ ಕೆಲಸ ಇಲ್ಲ. ಅಲ್ಲಿ ರೈಡಿನ ಹೆಸರಿನ ಜೊತೆಗೆ ಜನರಲ್ ಮೋಟಾರ್ಸ್ ಅನ್ನೋ ಹೆಸರು.

"ಮಗಾ, ಈ ಕಂಪನಿ ಒಂದ್ಸಲ ದಿವಾಳಿ ಆಗಿತ್ತಲ್ವಾ? ಆಗ ಈ ರೈಡ್ ಕಥೆ ಏನಾಯ್ತು?" ಅಂದ ರೂಮ್‌ಮೇಟ್.

ಅವನು ಸುಮ್ಮನೆ ಕೇಳಿದ್ದು. ನನಗೆ ಮಾತ್ರ ಆ ಪ್ರಶ್ನೆ ತಲೆಯಲ್ಲಿ ಕೂತುಬಿಡ್ತು. ಗುರುವಾರದಿಂದ ನಾನೂ ಅದನ್ನೇ ಬೇರೆ ಥರ ಕೇಳಿಕೊಳ್ತಾ ಇದ್ದೆ ಅನ್ಸುತ್ತೆ. ಆಮೇಲೆ ಕೆಲವು ರಾತ್ರಿ ಕೂತು ಇದರ ಬಗ್ಗೆ ಓದಿದೆ. ಓದಿದಷ್ಟೂ ಸ್ವಾರಸ್ಯ. ಅದಕ್ಕೇ ಹೇಳ್ತಾ ಇದ್ದೀನಿ.

ಎಪ್‌ಕಾಟ್ ಶುರುವಾಗಿದ್ದು 1982ರ ಅಕ್ಟೋಬರ್ 1ಕ್ಕೆ. ಕಟ್ಟೋಕೆ ನೂರು ಕೋಟಿ ಡಾಲರಿಗೂ ಮೇಲೆ ಖರ್ಚು. ಅಷ್ಟನ್ನೂ ಡಿಸ್ನಿ ಒಂದೇ ಕೈಯಿಂದ ಹಾಕಲಿಲ್ಲ, ಒಂದೊಂದು ಪೆವಿಲಿಯನ್ನಿಗೆ ಒಂದೊಂದು ದೊಡ್ಡ ಕಂಪನಿಯನ್ನು ಹಿಡಿಯಿತು. ಶಕ್ತಿಯ ಬಗ್ಗೆ ಹೇಳೋಕೆ ಎಕ್ಸಾನ್, ಸಂಪರ್ಕದ ಬಗ್ಗೆ ಹೇಳೋಕೆ ಬೆಲ್ ಟೆಲಿಫೋನ್ ಕಂಪನಿ, ಕಲ್ಪನಾಶಕ್ತಿಗೆ ಕೊಡಾಕ್, ಸಾರಿಗೆಗೆ ಜನರಲ್ ಮೋಟಾರ್ಸ್. ಕಂಪನಿ ಕಟ್ಟಡದ ಖರ್ಚಿಗೆ ಕೈ ಜೋಡಿಸಬೇಕು, ಆಮೇಲೆ ಒಪ್ಪಂದ ಇರುವಷ್ಟು ವರ್ಷ ದುಡ್ಡು ಕೊಡ್ತಾ ಇರಬೇಕು. ಬದಲಿಗೆ ಬಾಗಿಲ ಮೇಲೆ ಹೆಸರು, ರೈಡ್ ಇಳಿದ ತಕ್ಷಣ ಸಿಗೋ ಹಾಗೆ ಶೋರೂಮು, ತಮ್ಮ ಅತಿಥಿಗಳಿಗೆ ಒಳಗೊಂದು ಖಾಸಗಿ ಕೋಣೆ.

ನಮ್ಮ ಕರಾವಳಿಯವರಿಗೆ ಇದು ಹೊಸತಲ್ಲ ಬಿಡಿ. ಹರಕೆ ಆಟ ಅಂದ್ರೆ ಇದೇ ತಾನೇ? ಮೇಳಕ್ಕೆ ದುಡ್ಡು ಕಟ್ಟುವವರು ಒಬ್ಬರು ಸೇವಾಕರ್ತರು, ಆಟ ನೋಡೋದು ಇಡೀ ಊರು. ಯಾರ ಸೇವೆ ಅಂತ ಮೈಕಿನಲ್ಲಿ ಹೇಳ್ತಾರೆ. ಇನ್ನು ದೇವಸ್ಥಾನದ ಟ್ಯೂಬ್‌ಲೈಟ್ ಬಗ್ಗೆ ಹೇಳೋದೇ ಬೇಡ. ದಾನಿಗಳ ಹೆಸರು, ಅವರ ತಂದೆಯ ಹೆಸರು, ಮನೆ ಹೆಸರು ಎಲ್ಲ ಕೆಂಪಕ್ಷರದಲ್ಲಿ ಬರೆದು, ಉಳಿದ ಜಾಗದಲ್ಲಿ ಬೆಳಕು ಬರಬೇಕು! ಬಲ್ಬು ಸುಟ್ಟುಹೋದ ಮೇಲೂ ಹೆಸರು ಮಾತ್ರ ಹಾಗೇ ಇರುತ್ತೆ. ಕಟ್ಟಿಸಿಕೊಟ್ಟವರ ಹೆಸರು ಎಲ್ಲ ಕಡೆ ಇರುತ್ತೆ, ರಿಪೇರಿ ಯಾರದ್ದು ಅಂತ ಎಲ್ಲೂ ಬರೆದಿರಲ್ಲ.

ರೈಡುಗಳ ಸಮಸ್ಯೆಯೂ ಅದೇ. ಕಟ್ಟುವಾಗ ದುಡ್ಡು ಹುಟ್ಟುತ್ತೆ. ಹತ್ತು ವರ್ಷ ಆದ ಮೇಲೆ ಯಂತ್ರ ಸವೆದಿರುತ್ತೆ, ತೋರಿಸೋ 'ಭವಿಷ್ಯ' ಹಳತಾಗಿರುತ್ತೆ, ಒಪ್ಪಂದವೂ ಸರಿಯಾಗಿ ಅದೇ ಹೊತ್ತಿಗೆ ಮುಗಿದಿರುತ್ತೆ. ಆಗ ಪ್ರಾಯೋಜಕರ ಹತ್ತಿರ ದುಡ್ಡಿದ್ದರೆ, ಮನಸ್ಸೂ ಇದ್ದರೆ ರೈಡಿಗೆ ಹೊಸ ಜೀವ. ಇಲ್ಲದಿದ್ದರೆ ಒಂದೊಂದು ರೈಡಿನ ಹಣೆಬರಹ ಒಂದೊಂದು ಥರ.

ಹಾರೈಜನ್ಸ್ ಅಂತ ಒಂದಿತ್ತು. 1983ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಾಯೋಜನೆಯಲ್ಲಿ ಶುರುವಾಗಿದ್ದು. ಮುಂದೊಂದು ದಿನ ಮನುಷ್ಯರು ಮರುಭೂಮಿಯಲ್ಲಿ, ಸಮುದ್ರದ ಅಡಿಯಲ್ಲಿ, ಬಾಹ್ಯಾಕಾಶದಲ್ಲಿ ಹೇಗೆ ಬದುಕ್ತಾರೆ ಅಂತ ತೋರಿಸ್ತಿತ್ತು. ಕೊನೆಯಲ್ಲಿ ಯಾವ ದಾರಿಯಲ್ಲಿ ವಾಪಸ್ ಹೋಗಬೇಕು ಅಂತ ಕೂತವರೇ ಬಟನ್ ಒತ್ತಿ ಆರಿಸಬಹುದಿತ್ತು. ಹತ್ತು ವರ್ಷಕ್ಕೆ, 1993ರಲ್ಲಿ, ಜನರಲ್ ಎಲೆಕ್ಟ್ರಿಕ್ ಹೊರಗೆ ಹೋಯ್ತು. ಅದಕ್ಕೇನೂ ಬಡತನ ಬಂದಿರಲಿಲ್ಲ, ಸಾಕು ಅನ್ನಿಸಿತು ಅಷ್ಟೇ. 1994ರ ಕೊನೆಗೆ ರೈಡ್ ಮುಚ್ಚಿದರು. ಮರುವರ್ಷ ಅಕ್ಕಪಕ್ಕದ ಪೆವಿಲಿಯನ್ನುಗಳು ರಿಪೇರಿಗೆ ಬಂದಾಗ ಜನರಿಗೆ ನೋಡೋಕೆ ಏನಾದರೂ ಇರಲಿ ಅಂತ ಮತ್ತೆ ತೆರೆದರು. 1999ರ ಜನವರಿಯಲ್ಲಿ ಶಾಶ್ವತವಾಗಿ ಮುಚ್ಚಿ, ಕಟ್ಟಡವನ್ನೇ ಕೆಡವಿದರು. ಅದೇ ಜಾಗದಲ್ಲಿ ಬಂದ ಮಿಷನ್ ಸ್ಪೇಸ್ ರೈಡಿಗೆ ಪ್ರಾಯೋಜಕರಾಗಿ ಒಪ್ಪಿಕೊಂಡಿದ್ದು ಕಾಂಪ್ಯಾಕ್ ಕಂಪ್ಯೂಟರ್ ಕಂಪನಿ. 2003ರಲ್ಲಿ ರೈಡ್ ಶುರುವಾಗುವ ಹೊತ್ತಿಗೆ ಕಾಂಪ್ಯಾಕೇ ಇರಲಿಲ್ಲ, 2002ರಲ್ಲಿ ಎಚ್‌ಪಿ ಒಳಗೆ ಕರಗಿಹೋಗಿತ್ತು!

ಇನ್ನೊಂದು ಕಥೆ ಇದಕ್ಕಿಂತ ಹಳೇದು, ಪಕ್ಕದ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿನದ್ದು. ಈಸ್ಟರ್ನ್ ಏರ್‌ಲೈನ್ಸ್ 1972ರಲ್ಲಿ 'ಇಫ್ ಯು ಹ್ಯಾಡ್ ವಿಂಗ್ಸ್' ಅನ್ನೋ ರೈಡಿಗೆ ಪ್ರಾಯೋಜಕ. ಆಗ ಒಂದೊಂದು ರೈಡಿಗೂ ಬೇರೆ ಬೇರೆ ಟಿಕೆಟ್ ಹರಿಯಬೇಕಿತ್ತು, ಇದು ಮಾತ್ರ ಪುಕ್ಕಟೆ. ಎಂಬತ್ತರ ದಶಕದಲ್ಲಿ ಆ ವಿಮಾನ ಕಂಪನಿಯ ರೆಕ್ಕೆ ಮುರೀತು. 1987ರಲ್ಲಿ ಪ್ರಾಯೋಜನೆ ನಿಂತಿತು. ಡಿಸ್ನಿಯವರು ಹೆಸರನ್ನು ಸ್ವಲ್ಪ ತಿದ್ದಿ, 'ಇಫ್ ಯು ಕುಡ್ ಫ್ಲೈ' ಅಂತ ಮಾಡಿ ಹಾಗೇ ಓಡಿಸಿದರು. 1989ರಲ್ಲಿ ಈಸ್ಟರ್ನ್ ದಿವಾಳಿ ಅರ್ಜಿ ಹಾಕಿತು, ಅದೇ ವರ್ಷ ಆ ಜಾಗಕ್ಕೆ ಡೆಲ್ಟಾ ಏರ್‌ಲೈನ್ಸ್ ಹೆಸರಿನ ಹೊಸ ರೈಡ್ ಬಂತು. 1991ರ ಜನವರಿಯಲ್ಲಿ ಈಸ್ಟರ್ನ್ ವಿಮಾನಗಳು ಪೂರ್ತಿ ನಿಂತವು. ಕಂಪನಿ ಸತ್ತರೂ ಅದು ಹಾಕಿಸಿದ ಟ್ರ್ಯಾಕ್ ಮಾತ್ರ ಬೇರೆಯವರ ಹೆಸರಿನಲ್ಲಿ ತಿರುಗ್ತಾನೇ ಇತ್ತು.

ಈಗ ಜನರಲ್ ಮೋಟಾರ್ಸ್ ವಿಷಯ. 1982ರಿಂದ ಅವರದ್ದು ವರ್ಲ್ಡ್ ಆಫ್ ಮೋಷನ್ ಅನ್ನೋ, ಸಾರಿಗೆಯ ಇತಿಹಾಸವನ್ನು ತಮಾಷೆಯಾಗಿ ಹೇಳೋ ರೈಡ್ ಇತ್ತು. 1996ರ ಜನವರಿಯಲ್ಲಿ ಅದನ್ನು ಮುಚ್ಚಿ ಟೆಸ್ಟ್ ಟ್ರ್ಯಾಕ್ ಕೆಲಸ ಹಿಡಿದರು. 1997ಕ್ಕೆ ತೆರೆಯಬೇಕಿದ್ದದ್ದು ತಾಂತ್ರಿಕ ತೊಂದರೆಗಳಿಂದ ಮುಂದಕ್ಕೆ ಹೋಗುತ್ತಾ ಹೋಗುತ್ತಾ, ಅಧಿಕೃತವಾಗಿ ಶುರುವಾಗಿದ್ದು 1999ರ ಮಾರ್ಚ್ 17ಕ್ಕೆ. ಡೆಡ್‌ಲೈನ್ ಎರಡು ವರ್ಷ ತಪ್ಪಿದ ಪ್ರಾಜೆಕ್ಟ್ ಅಂತ ಓದಿದಾಗ ನನಗೆ ಎಲ್ಲಿಲ್ಲದ ಸಮಾಧಾನ ಆಯ್ತು :-) ಇಂಥ ರೈಡುಗಳ ತರ್ಕ ನಮಗೆ ಗೊತ್ತಿರೋದೇ. ದಾರಿಯನ್ನು ತುಂಡು ತುಂಡಾಗಿ ಭಾಗ ಮಾಡಿರ್ತಾರೆ, ಒಂದು ತುಂಡಿನಲ್ಲಿ ಒಂದೇ ಕಾರು. ಮುಂದಿನದು ಖಾಲಿ ಆಗದಿದ್ದರೆ ಹಿಂದಿನದು ನಿಲ್ಲಬೇಕು. ಒಂದು ಕಾರು ತಕರಾರು ಮಾಡಿದರೆ ಹಿಂದಿನವೆಲ್ಲ ಸಾಲಾಗಿ ನಿಂತವು ಅಂತಲೇ ಲೆಕ್ಕ.

ಆ ಮೊದಲ ರೂಪದಲ್ಲಿ ನಮ್ಮನ್ನು ಹೊಸ ಕಾರಿನ ಪರೀಕ್ಷೆಗೆ ಕೂರಿಸಿದ ಹಾಗೆ ಕಥೆ. ಒರಟು ರಸ್ತೆ, ಬ್ರೇಕ್ ಪರೀಕ್ಷೆ, ಬಿಸಿ ಕೋಣೆ, ಚಳಿ ಕೋಣೆ. ಕೊನೆಗೆ ಡಿಕ್ಕಿ ಪರೀಕ್ಷೆ. ಕಾರು ನೇರ ಗೋಡೆ ಕಡೆ ನುಗ್ಗುತ್ತೆ, ಇನ್ನೇನು ಹೊಡೀತು ಅನ್ನುವಾಗ ಗೋಡೆ ಬಾಗಿಲಿನ ಹಾಗೆ ತೆರೆದುಕೊಳ್ಳುತ್ತೆ, ಹೊರಗೆ ಬಿಸಿಲು.

2008ರಲ್ಲಿ ಸ್ವತಃ ಜನರಲ್ ಮೋಟಾರ್ಸ್ ಹಾಗೇ ಗೋಡೆ ಕಡೆ ನುಗ್ಗಿತು. ಉಳಿತಾಯ ಶುರುವಾಯ್ತು. ಗಾಲ್ಫ್ ಆಟಗಾರ ಟೈಗರ್ ವುಡ್ಸ್ ಜೊತೆಗಿದ್ದ ಬ್ಯೂಕ್ ಕಾರಿನ ಪ್ರಚಾರದ ಒಪ್ಪಂದವನ್ನು ಒಂದು ವರ್ಷ ಮುಂಚೆಯೇ ಮುಗಿಸಿದರು. 2009ರ ಸೂಪರ್ ಬೌಲ್‌ಗೆ ಜಾಹೀರಾತು ಇಲ್ಲ ಅಂದರು. 2009ರ ಜೂನ್ 1ಕ್ಕೆ ದಿವಾಳಿ ಅರ್ಜಿ. ಅಮೆರಿಕದ ದಿವಾಳಿ ಕಾನೂನಿನಲ್ಲಿ ಒಂದು ಸೌಲಭ್ಯ ಇದೆ. ಕಂಪನಿ ತನ್ನ ಹಳೇ ಒಪ್ಪಂದಗಳನ್ನೆಲ್ಲ ಮುಂದೆ ಹರಡಿಕೊಂಡು, ಇದು ಬೇಕು, ಇದು ಬೇಡ ಅಂತ ಕೋರ್ಟಿನ ಒಪ್ಪಿಗೆಯೊಂದಿಗೆ ಆರಿಸಬಹುದು. ಅಂದರೆ ಕಾಗದದ ಮೇಲೆ ಟೆಸ್ಟ್ ಟ್ರ್ಯಾಕನ್ನೂ ಕೈಬಿಡಬಹುದಿತ್ತು. ಕಾರ್ಖಾನೆಗಳೇ ಮುಚ್ಚುತ್ತಿರುವಾಗ, ಪಾಂಟಿಯಾಕ್, ಸ್ಯಾಟರ್ನ್‌ನಂಥ ಬ್ರ್ಯಾಂಡುಗಳೇ ಕಣ್ಣುಮುಚ್ಚುತ್ತಿರುವಾಗ, ಮಕ್ಕಳು ಕೂಗಾಡೋ ಒಂದು ರೈಡಿಗೆ ದುಡ್ಡು ಕೊಡ್ತೀವಿ ಅಂತ ಯಾವ ಮುಖ ಹೊತ್ತು ಹೇಳೋದು?

ಆದರೆ ರೈಡ್ ನಿಲ್ಲಲಿಲ್ಲ. 40 ದಿನಕ್ಕೆ, ಜುಲೈ 10ಕ್ಕೆ, ಹೊಸ ಕಂಪನಿಯಾಗಿ ಜನರಲ್ ಮೋಟಾರ್ಸ್ ಹೊರಗೆ ಬಂತು. ಆಗ ಅದರ ಶೇಕಡಾ 60ರಷ್ಟು ಪಾಲು ಅಮೆರಿಕ ಸರಕಾರದ್ದು. ಅಂದರೆ ಒಂದಷ್ಟು ಕಾಲ ಟೆಸ್ಟ್ ಟ್ರ್ಯಾಕಿನ ನಿಜವಾದ ಸೇವಾಕರ್ತರು ಅಮೆರಿಕದ ತೆರಿಗೆದಾರರೇ ಅಂತಾಯ್ತು! 2012ರಲ್ಲಿ ರೈಡನ್ನು ಎಂಟು ತಿಂಗಳು ಮುಚ್ಚಿ ಹೊಸದು ಮಾಡಿದರು. ಹೆಸರಿನ ಪಕ್ಕ ಜನರಲ್ ಮೋಟಾರ್ಸ್ ಬದಲು ಅದರ ಶೆವರ್ಲೆ ಬ್ರ್ಯಾಂಡಿನ ಹೆಸರು ಬಂತು. ಕಾರಣ ಏನೇ ಇರಲಿ, ದಿವಾಳಿಯಾದ ಮನೆಯವರು ಅಪ್ಪನ ಹೆಸರು ಬಿಟ್ಟು ಮಗನ ಹೆಸರಿನಲ್ಲಿ ಅಂಗಡಿ ತೆರೆದ ಹಾಗೆ ಕಂಡಿತು ನನಗೆ. 2025ರಲ್ಲಿ ಮತ್ತೆ ಅಪ್ಪನ ಹೆಸರೇ ವಾಪಸ್ ಬಂತು. ನಾವು ಮಳೆಯಲ್ಲಿ ನೋಡ್ತಾ ನಿಂತಿದ್ದದ್ದು ಅದನ್ನೇ.

ಯಾಕೆ ಉಳೀತು ಅಂತ ಯೋಚನೆ ಮಾಡಿದರೆ ನನಗೆ ಹೊಳೆಯೋದು ಇಷ್ಟು. ಹಾರೈಜನ್ಸ್ ಕಟ್ಟಿದವರಿಗೆ ಅಲ್ಲಿ ಮಾರಲು ಏನೂ ಇರಲಿಲ್ಲ, ಒಳ್ಳೆ ಹೆಸರು ಬರ್ತಿತ್ತು ಅಷ್ಟೇ. ಟೆಸ್ಟ್ ಟ್ರ್ಯಾಕಿನಿಂದ ಇಳಿದವರು ಸೀದಾ ಕಾರುಗಳ ನಡುವೆ ಬರ್ತಾರೆ, ಬಾಗಿಲು ತೆಗೆದು ಒಳಗೆ ಕೂರ್ತಾರೆ. ಕಷ್ಟ ಬಂದಾಗ ಶೋಭೆಯ ಖರ್ಚು ಮೊದಲು ಹೋಗುತ್ತೆ, ಅಂಗಡಿ ಬಾಡಿಗೆ ಕೊನೆಗೆ. ಮೂರನೇ ದಾರಿಯೂ ಇದೆ. ಎಪ್‌ಕಾಟಿನ ಆ ದೊಡ್ಡ ಬಿಳಿ ಗೋಳ, ಸ್ಪೇಸ್‌ಶಿಪ್ ಅರ್ಥ್, ಅದಕ್ಕೆ 2017ರಲ್ಲಿ ಸೀಮೆನ್ಸ್ ಹೋದ ಮೇಲೆ ಪ್ರಾಯೋಜಕರೇ ಇಲ್ಲ, ಆದರೂ ನಡೀತಿದೆ. ಅದಿಲ್ಲದ ಎಪ್‌ಕಾಟನ್ನು ಊಹಿಸೋಕೇ ಆಗಲ್ಲ, ಹಾಗಾಗಿ ಮನೆಯವರೇ ಖರ್ಚು ಹಾಕ್ತಾರೆ.

ಈ ಮೂರನೇ ದಾರಿ ಓದುವಾಗ ನನಗೆ ನಮ್ಮೂರ ಆಟ ನೆನಪಾಯ್ತು. ಕುಂದಾಪುರದ ಹತ್ತಿರ ನಮ್ಮೂರು. ನಾನು ಚಿಕ್ಕವನಿದ್ದಾಗ ಪ್ರತಿ ವರ್ಷ ಗದ್ದೆ ಕೊಯ್ಲಾದ ಮೇಲೆ ಒಂದು ಆಟ ಆಡಿಸ್ತಿದ್ದದ್ದು ಮುಂಬೈಯಲ್ಲಿ ಹೋಟೆಲ್ ಇದ್ದ ನಮ್ಮೂರಿನ ಒಬ್ಬರು. ಮುಂದಿನ ಸಾಲಿನ ನಡುವಿನ ಕುರ್ಚಿ ಅವರದ್ದು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಅವರ ವ್ಯಾಪಾರ ಕೈಕೊಟ್ಟಿತು, ಹೋಟೆಲ್ ಹೋಯ್ತು. ಎರಡು ವರ್ಷ ಗದ್ದೆಯಲ್ಲಿ ಆಟ ಇಲ್ಲ. ಮೂರನೇ ವರ್ಷ ಯುವಕ ಮಂಡಲದವರು ರಸೀದಿ ಪುಸ್ತಕ ಹಿಡಿದು ಮನೆಮನೆ ಸುತ್ತಿದರು. ಅಪ್ಪ ಐನೂರು ಕೊಟ್ಟರು, ಅಮ್ಮ ಒಳಗಿಂದ ಬಂದು ಇನ್ನೂರು ಸೇರಿಸಿದರು. ಆಟದ ರಾತ್ರಿ ಆ ಹೋಟೆಲ್ ಮಾವ ಬಂದು ಹಿಂದೆ, ಚಾಪೆಯ ಮೇಲೆ, ನಮ್ಮ ಜೊತೆ ಕೂತರು. ಯಾರೋ ಹೋಗಿ ಕೈಹಿಡಿದು ಮುಂದಿನ ಕುರ್ಚಿಗೆ ಕರೆದರೂ ಹೋಗಲಿಲ್ಲ. ಮೈಕಿನಲ್ಲಿ ವಂದನಾರ್ಪಣೆ ಮಾಡುವಾಗ ಮೊದಲು ಅವರ ಹೆಸರನ್ನೇ ಹೇಳಿದರು. ಅವರು ತಲೆ ತಗ್ಗಿಸಿ ಚಾಪೆಯ ಎಳೆ ಕೀಳ್ತಾ ಇದ್ದರು. ಆಗ ನನಗೆ ಅದು ಅರ್ಥ ಆಗಿರಲಿಲ್ಲ.

ಮಳೆ ನಿಂತು, ರೈಡ್ ಶುರುವಾಗಿ, ಕೂತೆವು. ಚೆನ್ನಾಗಿತ್ತು. ಆ ಕೊನೆಯ ಸುತ್ತಿನಲ್ಲಿ ಒದ್ದೆ ಗಾಳಿ ಮುಖಕ್ಕೆ ಹೊಡೆಯುವಾಗ ಕ್ಲೈಂಟು, ಬಜೆಟ್ಟು ಎಲ್ಲ ಮರೆತುಹೋಗಿತ್ತು. ಇಳಿದ ಮೇಲೆ ಶೋರೂಮಿನಲ್ಲಿ ಶೆವರ್ಲೆಯ ಆ ಬೋ-ಟೈ ಲಾಂಛನ ನೋಡಿ ಅಲ್ಲೇ ನಿಂತುಬಿಟ್ಟೆ. 2015ರಲ್ಲಿ ನನ್ನನ್ನು ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್ಲಿಗೆ ಟ್ರಂಕು, ಹಾಸಿಗೆ, ಅಪ್ಪ ಅಮ್ಮನ ಸಮೇತ ಬಿಟ್ಟು ಬಂದದ್ದು ಪಕ್ಕದ ಮನೆಯವರ ಬಾಡಿಗೆ ಶೆವರ್ಲೆ ಟವೇರಾ. ಊರಲ್ಲೆಲ್ಲ ಅವರು 'ಟವೇರಾ ಮಾವ' ಅಂತಲೇ. ಅಮೆರಿಕದಲ್ಲಿ ರೈಡ್ ಉಳಿಸಿಕೊಂಡ ಅದೇ ಕಂಪನಿ 2017ರ ಕೊನೆಗೆ ಭಾರತದಲ್ಲಿ ಕಾರು ಮಾರೋದನ್ನು ನಿಲ್ಲಿಸಿತು. ಆಗ ಮಾವ ಸ್ಪೇರ್ ಪಾರ್ಟಿನ ಚಿಂತೆಯಲ್ಲಿ ಸೊರಗಿದ್ದು ನೋಡಿದ್ದೆ.

ನಮ್ಮ ಭಾಷೆಯಲ್ಲೂ ಈ 'ಸ್ಪಾನ್ಸರ್' ಅನ್ನೋ ಪದ ದಿನಾ ಬರುತ್ತೆ. ಪ್ರಾಜೆಕ್ಟಿಗೆ ಕ್ಲೈಂಟ್ ಕಡೆ ಒಬ್ಬರು ಸ್ಪಾನ್ಸರ್. ನನ್ನ ವೀಸಾಕ್ಕೆ ನನ್ನ ಕಂಪನಿ ಸ್ಪಾನ್ಸರ್. ಕೆಲಸವೇ ಹೋದರೆ ಆ ದೇಶದಲ್ಲಿರೋಕೆ ಹೆಚ್ಚೆಂದರೆ 60 ದಿನ. ಊರಿನ ಮನೆ ಸಾಲಕ್ಕೆ ನಾನೇ ಸ್ಪಾನ್ಸರ್ ಅನ್ನಿ! ಒಬ್ಬರ ಕೈ ಸಡಿಲವಾದರೆ ಹಿಂದಿನ ಕಾರುಗಳೆಲ್ಲ ಸಾಲಾಗಿ ನಿಲ್ಲುತ್ತವೆ. ನಾವು ಆ ಕ್ಲೈಂಟಿಗೆ ಹಾರೈಜನ್ಸಾ, ಟೆಸ್ಟ್ ಟ್ರ್ಯಾಕಾ, ಅಥವಾ ಆ ಬಿಳಿ ಗೋಳವಾ? ವಾಪಸ್ ಬರುವಾಗ ಕಾರಿನಲ್ಲಿ ರೂಮ್‌ಮೇಟನ್ನು ಕೇಳಿದೆ. "ನಾವಾ? ದೇವಸ್ಥಾನದ ಟ್ಯೂಬ್‌ಲೈಟ್ ಕಣೋ" ಅಂದ.

ನವೆಂಬರಿನಲ್ಲಿ ಉತ್ತರ ಬಂತು. ನಮ್ಮ ತಂತ್ರಾಂಶ ನಿಲ್ಲಲ್ಲ, ಓಡುತ್ತೆ. ಹೊಸದೇನೂ ಸೇರಿಸೋದಿಲ್ಲ, ಕೆಟ್ಟರೆ ರಿಪೇರಿ ಅಷ್ಟೇ. ಅದಕ್ಕೆ ಮೂರು ಜನ ಸಾಕು. ಆ ಮೂವರಲ್ಲಿ ರೂಮ್‌ಮೇಟ್ ಇದ್ದ, ನಾನಿರಲಿಲ್ಲ. ಹೇಳಬೇಕೋ ಬೇಡವೋ ಅಂತ ಅವನು ಎರಡು ದಿನ ನನ್ನ ಮುಖ ನೋಡದೆ ಓಡಾಡಿದ. ಆಮೇಲೆ ನಾನೇ ಚಿತ್ರಾನ್ನ ಮಾಡಿ ಊಟಕ್ಕೆ ಕರೆದೆ. ಆ ರಾತ್ರಿ ನನಗೆ ಹೋಟೆಲ್ ಮಾವ ಚಾಪೆಯ ಎಳೆ ಕೀಳುತ್ತಿದ್ದದ್ದು ಯಾಕೆ ಅಂತ ಸ್ವಲ್ಪ ತಿಳೀತು.

ಜನವರಿಯಲ್ಲಿ ವಾಪಸ್ ಬಂದೆ. ಮಂಗಳೂರು ವಿಮಾನ ನಿಲ್ದಾಣದ ಹೊರಗೆ ಅದೇ ಟವೇರಾ, ಅದೇ ಮಾವ. ಮುಂದಿನ ಲಾಂಛನದ ಬಂಗಾರದ ಬಣ್ಣ ಪೂರ್ತಿ ಉದುರಿದೆ, ಬಾಗಿಲಿನ ಹಿಡಿ ಬೇರೆ ಯಾವುದೋ ಗಾಡಿಯದ್ದು. ಬ್ಯಾಗು ಹಿಂದೆ ಹಾಕುತ್ತಾ, ಈ ಗಾಡಿಗೆ ಇನ್ನೂ ಸಾಮಾನು ಸಿಗುತ್ತಾ ಮಾವ ಅಂತ ಕೇಳಿದೆ.

"ಕಂಪ್ನಿ ಹೋರೆ ಎಂತ ಆತ್ ಮಾಣಿ? ಗಾಡಿ ಓಡತ್ತಲೆ" ಅಂದರು. ಆಮೇಲೆ ಸ್ವಲ್ಪ ದೂರ ಬಂದ ಮೇಲೆ, ಒಂದು ಸಾಮಾನಿಗೆ ಮೂರು ಊರು ಹುಡುಕಬೇಕಾಗುತ್ತೆ, ಕಳೆದ ಮಳೆಗಾಲದಲ್ಲಿ ಹನ್ನೆರಡು ದಿನ ಗಾಡಿ ಶೆಡ್ಡಿನಲ್ಲೇ ಇತ್ತು ಅಂತಲೂ ಹೇಳಿದರು.

ಸದ್ಯ ಬೆಂಗಳೂರಿನಲ್ಲಿ ಬೆಂಚಿನ ಮೇಲಿದ್ದೀನಿ. ಎರಡು ಇಂಟರ್ವ್ಯೂ ಆಗಿದೆ, ಮೂರನೆಯದು ಸೋಮವಾರ. ಮನೆ ಸಾಲದ ಕಂತು ಇನ್ನೂ ತಪ್ಪಿಲ್ಲ. ಈ ವರ್ಷದ ಆಟಕ್ಕೆ ರಸೀದಿ ಪುಸ್ತಕದವರು ಫೋನ್ ಮಾಡಿದ್ದರು, ಅಪ್ಪನ ಹೆಸರಿನಲ್ಲಿ ಸಾವಿರ ಬರೆಸಿದೆ.

ನಿಮ್ಮೂರಲ್ಲೂ ಹೀಗೆ ಯಾರೋ ಒಬ್ಬರ ದುಡ್ಡಿನಿಂದ ನಡೀತಿದ್ದ ಆಟ, ಜಾತ್ರೆಯ ತೊಟ್ಟಿಲು, ಕ್ರಿಕೆಟ್ ಟೂರ್ನಮೆಂಟು ಇತ್ತಾ? ಅವರು ಕೈಬಿಟ್ಟ ಮೇಲೆ ಏನಾಯ್ತು? ನೆನಪಿದ್ದರೆ ಬರೀರಿ.